ಕ್ರಿಯಾಟಿನಿನ್ 0.8 ಇತ್ತು, ಆದರೂ ಎಡ ಕಿಡ್ನಿ ಊದಿತ್ತು: ಬೆನ್ನುಹುರಿಗೆ ಪೆಟ್ಟಾದವರು ಓದಿ

ಮೆಣಸಿನಬಳ್ಳಿ, ಪೊನ್ನಂಪೇಟೆ ಕಡೆ

ಎಲ್ಲರಿಗೂ ನಮಸ್ಕಾರ. ಗಾಲಿಕುರ್ಚಿಯವರ ಈ ಗುಂಪಿನಲ್ಲಿ ನಾವು ಗಾಲಿಕುರ್ಚಿಯ ಟೈರ್, ಪಿಂಚಣಿ ಅರ್ಜಿ, ಮನೆಯ ಮುಂದಿನ ಇಳಿಜಾರುಗಳ ಬಗ್ಗೆ ಬೇಕಾದಷ್ಟು ಮಾತನಾಡಿದ್ದೇವೆ. ಮೂತ್ರದ ವಿಷಯ ಬಂದರೆ ಮಾತ್ರ ಎಲ್ಲರೂ ಪ್ರತ್ಯೇಕವಾಗಿ ಸಂದೇಶ ಕಳುಹಿಸುತ್ತೀರಿ. ಆ ಸಂಕೋಚ ನನಗೂ ಇತ್ತು. ಅದರಿಂದ ಆದ ನಷ್ಟ ದೊಡ್ಡದು. ಅದಕ್ಕೇ ಇವತ್ತು ಎಲ್ಲರೆದುರೇ ಬರೆಯುತ್ತಿದ್ದೇನೆ.

2003ರ ಫೆಬ್ರವರಿ, ಮೆಣಸು ಕೊಯ್ಲಿನ ಸಮಯ. ಸಿಲ್ವರ್ ಮರಕ್ಕೆ ಒರಗಿಸಿದ್ದ ಒಂಟಿ ಬಿದಿರಿನ ಏಣಿ ಜಾರಿತು. ಆಗ ನನಗೆ 26 ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಹೊಕ್ಕುಳಿನಿಂದ ಕೆಳಗೆ ಸ್ಪರ್ಶವೂ ಚಲನೆಯೂ ಹೋಯಿತು. ಕಿಬ್ಬೊಟ್ಟೆಯನ್ನು ತಟ್ಟಿ, ಒತ್ತಿ ಮೂತ್ರ ಬರಿಸುವುದನ್ನು ಮೊದಲ ವರ್ಷವೇ ಕಲಿತೆ. ಪ್ರತಿ ಸಲವೂ ಬರುತ್ತಿತ್ತು. ಬಂದದ್ದನ್ನು ನೋಡಿದೆ, ಒಳಗೆ ಎಷ್ಟು ಉಳಿಯಿತು ಎಂದು ಯಾವತ್ತೂ ಅಳೆಯಲಿಲ್ಲ.

ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದೆ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಎಂಬ ಅಂಶ ನನ್ನಲ್ಲಿ 0.8 ಅಥವಾ 0.7. "ಕಿಡ್ನಿ ಚೆನ್ನಾಗಿದೆ" ಎಂದು ಹೇಳಿ ಕಳುಹಿಸುತ್ತಿದ್ದರು, ನಾನು ನಿಶ್ಚಿಂತೆಯಿಂದ ತೋಟದ ಲೆಕ್ಕ ಬರೆಯಲು ಕುಳಿತುಕೊಳ್ಳುತ್ತಿದ್ದೆ. ಹೋದ ಮಳೆಗಾಲದಲ್ಲಿ ಮೂರು ಸಲ ಚಳಿಜ್ವರ ಬಂತು. ಕಾಲುಗಳು ರಾತ್ರಿಯೆಲ್ಲ ಸೆಟೆಯುತ್ತಿದ್ದವು. ಜ್ವರಕ್ಕೆ ಜ್ವರದ ಮಾತ್ರೆ, ಸೆಟೆತಕ್ಕೆ ಸೆಟೆತದ ಮಾತ್ರೆ ಸಿಕ್ಕಿತು. ಎರಡಕ್ಕೂ ಬೇರು ಒಂದೇ ಇರಬಹುದು ಎಂದು ನಾನೂ ಯೋಚಿಸಲಿಲ್ಲ, ನನ್ನನ್ನು ನೋಡಿದವರೂ ಯೋಚಿಸಲಿಲ್ಲ.

ಕೊನೆಗೆ ತಂಗಿಯ ಹಟಕ್ಕೆ ಮಣಿದು ಮೈಸೂರಿಗೆ ಹೋಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆ. ಎಡ ಕಿಡ್ನಿ ನೀರು ತುಂಬಿ ಊದಿತ್ತು. ಅದರೊಳಗೆ ಜಿಂಕೆಯ ಕೊಂಬಿನಂತೆ ಕವಲೊಡೆದ ಕಲ್ಲು. ಸ್ಪರ್ಶವಿರುವ ಮನುಷ್ಯನಾದರೆ ನೋವಿನಿಂದಲಾದರೂ ಎಚ್ಚೆತ್ತುಕೊಳ್ಳಬಹುದಿತ್ತು. ನನಗೆ ಗೊತ್ತೇ ಆಗಲಿಲ್ಲ. ಆ ರಾತ್ರಿಗಳಲ್ಲಿ ಸೆಟೆಯುತ್ತಿದ್ದ ಕಾಲುಗಳೇ ನನ್ನ ನೋವು.

ಅಲ್ಲಿನ ವೈದ್ಯರು ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ಕ್ರಿಯಾಟಿನಿನ್ ಲೆಕ್ಕದಲ್ಲಿ ನನ್ನ ಕಿಡ್ನಿ ನಿಮಿಷಕ್ಕೆ ಸೋಸುವ ಪ್ರಮಾಣ ನೂರು ಮಿಲಿಲೀಟರಿಗಿಂತ ಮೇಲಿತ್ತು. ಸಿಸ್ಟಾಟಿನ್ ಲೆಕ್ಕದಲ್ಲಿ 44. ಒಂದೇ ದಿನ, ಒಂದೇ ತೋಳಿನಿಂದ ತೆಗೆದ ರಕ್ತ. ಕಾರಣವನ್ನು ಅವರು ಬಿಡಿಸಿ ಹೇಳಿದರು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ನಮ್ಮ ಕಾಲಿನ ಸ್ನಾಯುಗಳು ಕರಗಿ ಹೋಗಿರುವುದರಿಂದ ಅದು ಹುಟ್ಟುವುದೇ ಕಡಿಮೆ. ಕಿಡ್ನಿ ಅರ್ಧ ಸೋತರೂ ರಕ್ತದಲ್ಲಿ ಅದು ಮಿತಿ ದಾಟದೆ ಇರಬಹುದು. ಪ್ರಯೋಗಾಲಯದ ಕಾಗದದಲ್ಲಿ ಅಚ್ಚಾಗಿರುವ ಮಿತಿ ನಡೆದಾಡುವವರಿಗಾಗಿ ಇಟ್ಟದ್ದು.

ಇಷ್ಟು ವರ್ಷ ನಾನು ನಂಬಿದ್ದ ಅಂಕಿ ನನ್ನದಾಗಿರಲಿಲ್ಲ. ದಯವಿಟ್ಟು ನಿಮ್ಮ ನಿಮ್ಮ ಕಾಗದ ತೆಗೆದು ನೋಡಿ. ಕೊನೆಯ ಸಲ ಕಿಡ್ನಿಯ ಸ್ಕ್ಯಾನಿಂಗ್ ಆದದ್ದು ಯಾವಾಗ ಎಂದು ಇಲ್ಲಿ ಬರೆಯಿರಿ.

ಹಾರಂಗಿ ತೀರ

ಅಣ್ಣಾ, ಓದಿ ಕೈ ನಡುಗಿತು. ನನ್ನ ಬೈಕ್ ಅಪಘಾತ ಆಗಿ ಮೂರು ವರ್ಷ. ನಾನೂ ಹೊಟ್ಟೆ ಒತ್ತಿಯೇ ಮೂತ್ರ ಮಾಡುತ್ತೇನೆ, ಹೊರಗೆ ಹೋಗುವಾಗ, ಸೋರುವ ಮೂತ್ರ ಹಿಡಿಯಲು ಮೇಲಿಂದ ತೊಡಿಸುವ ಕಾಂಡಮ್ ಪೈಪ್ ಹಾಕಿಕೊಳ್ಳುತ್ತೇನೆ. ಸಂಜೆ ನಾಲ್ಕರ ನಂತರ ನೀರು ಕುಡಿಯುವುದಿಲ್ಲ. ಸ್ಕ್ಯಾನಿಂಗ್ ಆಸ್ಪತ್ರೆಯಿಂದ ಬಿಡುವಾಗ ಆದದ್ದು, ಆಮೇಲೆ ಇಲ್ಲ.

ಒಂದು ಪ್ರಶ್ನೆ. ಮೂತ್ರ ಹೊರಗೆ ಬರುತ್ತಿದೆ ಎಂದ ಮೇಲೆ ಕಿಡ್ನಿಗೆ ಏನು ತೊಂದರೆ? ದಿನಕ್ಕೆ ಐದು ಸಲ ಮೂತ್ರನಾಳದೊಳಗೆ ಪೈಪ್ ಹಾಕಿ, ಮೂತ್ರ ಖಾಲಿ ಮಾಡಿ ತೆಗೆಯಬೇಕು ಎನ್ನುತ್ತಾರಲ್ಲ, ಹಾಗೆ ಮಾಡಿದರೆ ಸೋಂಕು ಇನ್ನೂ ಹೆಚ್ಚಾಗುವುದಿಲ್ಲವೇ?

ನಿವೃತ್ತ ಶುಶ್ರೂಷಕಿ, ಮಡಿಕೇರಿ

ತಮ್ಮಾ, ನಿನ್ನ ಪ್ರಶ್ನೆ ಸರಿಯಾದದ್ದೇ. ನಿಧಾನವಾಗಿ ಹೇಳುತ್ತೇನೆ.

ಮೂತ್ರಕೋಶ ಒಂದು ಚೀಲ, ಅದರ ಬಾಯಿಗೆ ಒಂದು ಬಿಗಿ ಪಟ್ಟಿ. ಆರೋಗ್ಯವಂತರಲ್ಲಿ ಚೀಲ ಹಿಂಡುವಾಗ ಪಟ್ಟಿ ಸಡಿಲವಾಗುತ್ತದೆ. ಇವೆರಡನ್ನೂ ಹೊಂದಿಸುವ ನರಗಳು ಬೆನ್ನುಹುರಿಯ ತೀರ ಕೆಳತುದಿಯಿಂದ ಹೊರಡುತ್ತವೆ, ಅವಕ್ಕೆ ಅಪ್ಪಣೆ ಮೆದುಳಿನಿಂದ ಇಳಿದು ಬರಬೇಕು. ನಡುವೆ ಹುರಿ ಕಡಿದರೆ ಹೊಂದಾಣಿಕೆ ತಪ್ಪುತ್ತದೆ. ಚೀಲ ಹಿಂಡುತ್ತದೆ, ಅದೇ ಹೊತ್ತಿಗೆ ಪಟ್ಟಿಯೂ ಬಿಗಿಯುತ್ತದೆ. ಒಳಗಿನ ಒತ್ತಡ ಏರುತ್ತದೆ. ಸ್ವಲ್ಪ ಮೂತ್ರ ಹೊರಗೆ ಚಿಮ್ಮುತ್ತದೆ, ಸ್ವಲ್ಪ ಒಳಗೇ ಉಳಿಯುತ್ತದೆ, ಸ್ವಲ್ಪ ಮೇಲಕ್ಕೆ, ಕಿಡ್ನಿಯ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ. ಹೊಟ್ಟೆ ಒತ್ತುವಾಗ ನೀನು ಆ ಒತ್ತಡಕ್ಕೆ ಇನ್ನಷ್ಟು ಸೇರಿಸುತ್ತೀಯ. ಮೂತ್ರ ಸೋರುವ ಹೊತ್ತಿಗೆ ಒಳಗಿನ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ದಾಟಿದ್ದರೆ ಕಿಡ್ನಿ ಅಪಾಯದಲ್ಲಿದೆ ಎಂಬುದು ವೈದ್ಯರು ಬಹಳ ಕಾಲದಿಂದ ಬಳಸುತ್ತಿರುವ ಗಡಿ. ಇದನ್ನು ಅಳೆಯುವುದಕ್ಕೆ ಯೂರೋಡೈನಾಮಿಕ್ಸ್ ಎಂಬ ಪರೀಕ್ಷೆ ಇದೆ. ಕಾಂಡಮ್ ಪೈಪ್ ಬಟ್ಟೆಯನ್ನು ಒಣಗಿಡುತ್ತದೆ, ಚೀಲವನ್ನು ಖಾಲಿ ಮಾಡುವುದಿಲ್ಲ.

ಇನ್ನು ಪೈಪ್ ಹಾಕಿದರೆ ಸೋಂಕು ಎಂಬ ಭಯ. ನಿಂತ ನೀರು ಕೆಡುತ್ತದೆ, ಹರಿಯುವ ನೀರು ಕೆಡುವುದಿಲ್ಲ ಎಂಬುದು ತೊರೆಗಳ ನಡುವೆ ಬೆಳೆದ ನಮಗೆ ಗೊತ್ತಿಲ್ಲದ್ದೇ? ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಹೆಚ್ಚಿನವರು ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣಿನಿಂದ ಕೆಲವೇ ತಿಂಗಳಲ್ಲಿ ಸತ್ತರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಇಂಥವರಿಗಾಗಿಯೇ ಆಸ್ಪತ್ರೆಯಲ್ಲಿ ವಿಭಾಗ ತೆರೆದು, ನಿಗದಿತ ಸಮಯಕ್ಕೆ ಪೈಪ್ ಹಾಕಿ ತೆಗೆಯುವುದನ್ನು ಕಟ್ಟುನಿಟ್ಟಾಗಿ ರೂಢಿಸಿದರು. ಆಗ ಅದನ್ನು ಆಸ್ಪತ್ರೆಯಲ್ಲಿ ಕ್ರಿಮಿಶುದ್ಧ ಕೈಗವಸು ಹಾಕಿಯೇ ಮಾಡಬೇಕಿತ್ತು. 1972ರಲ್ಲಿ ಅಮೆರಿಕದ ಜಾಕ್ ಲ್ಯಾಪಿಡೀಸ್ ಎಂಬ ವೈದ್ಯರು, ಸಾಬೂನಿನಿಂದ ತೊಳೆದ ಕೈ ಸಾಕು, ರೋಗಿಯೇ ಮನೆಯಲ್ಲಿ ಮಾಡಿಕೊಳ್ಳಬಹುದು ಎಂದು ತೋರಿಸಿದರು. ಸೋಂಕಿಗೆ ಪೈಪಿಗಿಂತ ತುಂಬಿ ಹಿಗ್ಗಿದ ಚೀಲವೇ ದೊಡ್ಡ ಕಾರಣ ಎಂಬುದು ಅವರ ವಾದ. ಲಕ್ಷಾಂತರ ಜನ ಇಂದು ಬದುಕಿರುವುದರಲ್ಲಿ ಆ ಸರಳ ಮಾತಿನ ಪಾಲು ದೊಡ್ಡದು.

ನಮ್ಮ ದೇಶದಲ್ಲಿ ವೆಲ್ಲೂರಿನ ಮೇರಿ ವರ್ಗೀಸ್ ಅವರನ್ನು ನೆನೆಯಬೇಕು. 1954ರ ರಸ್ತೆ ಅಪಘಾತದಲ್ಲಿ ಸ್ವತಃ ಬೆನ್ನುಹುರಿಗೆ ಪೆಟ್ಟಾಗಿ, ಗಾಲಿಕುರ್ಚಿಯಲ್ಲೇ ಕುಳಿತು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ತೆರೆಯುವುದಕ್ಕೆ ಅವರೇ ಮುಖ್ಯ ಕಾರಣ.

ನಿನಗೆ ನನ್ನ ಮಾತು ಇಷ್ಟು: ನೀರು ನಿಲ್ಲಿಸಬೇಡ. ವೈದ್ಯರು ಬೇರೆ ಹೇಳದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಹಗಲಿನಲ್ಲಿ ಹಂಚಿ ಕುಡಿ. ಯಾವ ಸಲವೂ ಚೀಲದಲ್ಲಿ 500 ಮಿಲಿಲೀಟರ್ ದಾಟಬಾರದು.

ಸುಂಟಿಕೊಪ್ಪದ ಅಕ್ಕ

ನನ್ನ ಯಜಮಾನರಿಗೆ ಕುತ್ತಿಗೆಯ ಪೆಟ್ಟು, ತೋಟದ ಜೀಪು ಉರುಳಿದ್ದು, ಹನ್ನೊಂದು ವರ್ಷವಾಯಿತು. ಬೆರಳು ಆಡುವುದಿಲ್ಲವಾದ್ದರಿಂದ ಅವರೇ ಪೈಪ್ ಹಾಕಿಕೊಳ್ಳಲಾರರು. ಮೂತ್ರಕೋಶದ ಒಳಗೇ ಉಳಿಯುವ ಪೈಪು, ಹೊರಗೆ ಮೂತ್ರ ತುಂಬುವ ಚೀಲ ಇದೆ. ಮೂರರಿಂದ ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು. ಮಳೆಗಾಲದಲ್ಲಿ ಅದು ಐದಾಗುತ್ತದೆ, ಆರಾಗುತ್ತದೆ. ಆ ಮಳೆಯಲ್ಲಿ ಆಸ್ಪತ್ರೆಗೆ ಹೋಗುವುದು ಎಷ್ಟು ಕಷ್ಟ ಎಂಬುದು ನಿಮಗೆಲ್ಲ ಗೊತ್ತಿದೆ.

ಎರಡು ವರ್ಷದ ಹಿಂದಿನ ಜುಲೈ ತಿಂಗಳ ಒಂದು ರಾತ್ರಿ. ಮೂರು ದಿನದಿಂದ ಕರೆಂಟ್ ಇಲ್ಲ, ರಸ್ತೆಗೆ ಮರ ಬಿದ್ದಿದೆ. ಹನ್ನೊಂದೂವರೆಗೆ ಅವರು "ತಲೆ ಸಿಡಿಯುತ್ತಿದೆ" ಎಂದು ನನ್ನನ್ನು ಎಬ್ಬಿಸಿದರು. ಟಾರ್ಚ್ ಹಾಕಿ ನೋಡಿದರೆ ಮುಖ, ಕುತ್ತಿಗೆ ಕೆಂಪಾಗಿ ಬೆವರು ಸುರಿಯುತ್ತಿದೆ, ಕಾಲುಗಳು ತಣ್ಣಗಿವೆ. ಅವರ ಬಿಪಿಯ ಮೇಲಿನ ಅಂಕಿ ಸಾಮಾನ್ಯವಾಗಿ 95. ಆ ಹೊತ್ತಿಗೆ 170 ತೋರಿಸಿತು. ಬಿಪಿ ಮಾತ್ರೆ ಕೊಡಬೇಕೆಂದು ಅತ್ತೆ ಓಡಾಡಿದರು, ಮನೆಯಲ್ಲಿ ಅವರದೇ ಮಾತ್ರೆ ಇತ್ತು. ನಾನು ಮೂತ್ರದ ಚೀಲ ನೋಡಿದೆ. ಸಂಜೆ ಏಳಕ್ಕೆ ಖಾಲಿ ಮಾಡಿದ್ದು ಹಾಗೆಯೇ ಇತ್ತು.

ಪುನರ್ವಸತಿ ಕೇಂದ್ರದಲ್ಲಿ ಕಲಿಸಿದ್ದು ನೆನಪಾಯಿತು. ಬೆನ್ನುಮೂಳೆಯ ಎದೆ ಭಾಗದ ಆರನೆಯ ಮಣಿಯ ಮಟ್ಟ ಮತ್ತು ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಕೆಳಗೆ ಎಲ್ಲಾದರೂ ತೊಂದರೆಯಾದರೆ ಬಿಪಿ ಹೀಗೆ ಹಠಾತ್ತನೆ ಏರುತ್ತದೆ, ಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಕೋಶವೇ. ಮೊದಲು ನೇರ ಕೂರಿಸಿ ಕಾಲು ಇಳಿಬಿಟ್ಟೆ, ಬಟ್ಟೆ ಸಡಿಲಿಸಿದೆ. ಕೊಳವೆ ಎಲ್ಲೂ ಮಡಚಿಕೊಂಡಿರಲಿಲ್ಲ. ಹಳೆಯ ಪೈಪ್ ತೆಗೆದಾಗ ಅದರ ತುದಿ ಸುಣ್ಣ ಕಟ್ಟಿದಂತೆ ಮುಚ್ಚಿಹೋಗಿತ್ತು. ಹೊಸದು ಹಾಕಿದೆ. ಮಗಳು ಟಾರ್ಚ್ ಹಿಡಿದಿದ್ದಳು, ಆಗ ಅವಳಿಗೆ ಹದಿನಾಲ್ಕು ವರ್ಷ. ಮೂತ್ರ ಹರಿದು ಚೀಲ ತುಂಬುತ್ತಿದ್ದಂತೆ ಹತ್ತು ನಿಮಿಷದಲ್ಲಿ ಬಿಪಿ 110ಕ್ಕೆ ಇಳಿಯಿತು. ಅವರು ನಿದ್ದೆ ಹೋದರು. ನಾವಿಬ್ಬರೂ ಬೆಳಗಾಗುವವರೆಗೆ ಒಲೆಯ ಮುಂದೆ ಕುಳಿತಿದ್ದೆವು.

ಆಮೇಲೆ ಸ್ಕ್ಯಾನಿಂಗ್‌ನಲ್ಲಿ ಮೂತ್ರಕೋಶದಲ್ಲೇ ಆರು ಕಲ್ಲು ಸಿಕ್ಕಿದವು. ಪೈಪ್ ಕಟ್ಟಿಕೊಂಡಾಗಲೆಲ್ಲ ಮೂತ್ರ ಹಿಂದಕ್ಕೆ ತಳ್ಳಿ ಬಲ ಕಿಡ್ನಿಯೂ ಸ್ವಲ್ಪ ಊದಿತ್ತು. ಈಗ ಹೊಕ್ಕುಳಿನ ಕೆಳಗೆ ಸಣ್ಣ ರಂಧ್ರ ಮಾಡಿ ಅಲ್ಲಿಂದ ಪೈಪ್ ಹಾಕಿದ್ದಾರೆ. ಬದಲಿಸುವುದು ನನಗೆ ಸುಲಭ, ಅವರಿಗೂ ಮುಜುಗರ ಕಡಿಮೆ. ಜೂನ್ ಬರುವ ಮೊದಲೇ ನಾಲ್ಕು ತಿಂಗಳಿಗೆ ಆಗುವಷ್ಟು ಪೈಪ್, ಚೀಲ, ಉಪ್ಪುನೀರಿನ ಬಾಟಲಿ ತಂದಿಡುತ್ತೇನೆ. ಅಕ್ಕಿ ತಂದಿಡುವ ಹಾಗೆ.

ಕುತ್ತಿಗೆ ಪೆಟ್ಟಿನವರ ಮನೆಯವರಿಗೆ ಒಂದು ವಿನಂತಿ. ಅವರ ಸಾಮಾನ್ಯ ಬಿಪಿ ಎಷ್ಟು, ಹೀಗಾದಾಗ ಮೊದಲು ಮೂತ್ರದ ಪೈಪ್ ನೋಡಬೇಕು ಎಂದು ಒಂದು ಕಾಗದದಲ್ಲಿ ಬರೆದು ಗಾಲಿಕುರ್ಚಿಯ ಜೇಬಿನಲ್ಲಿಡಿ. ತುರ್ತು ಚಿಕಿತ್ಸೆಗೆ ಹೋದಾಗ 130 ಬಿಪಿ ಕಂಡು "ಸರಿಯಾಗಿದೆ" ಎಂದವರಿದ್ದಾರೆ. 95 ಇರುವ ಮನುಷ್ಯನಿಗೆ 130 ಸರಿಯಲ್ಲ.

ನಾಪೋಕ್ಲು ಮೇಷ್ಟ್ರು

ಮಗಳ ಬಗ್ಗೆ ಓದಿ ಕಣ್ಣು ತುಂಬಿತು ತಾಯಿ. ನನ್ನ ತಮ್ಮನಿಗೂ ಇದೇ ಸ್ಥಿತಿ. ಕಲ್ಲಿಗೆ ಬಾಳೆದಿಂಡಿನ ರಸ ನಮ್ಮ ಹಿರಿಯರ ಕಾಲದಿಂದ ಬಂದ ಮದ್ದು. ಪೊನ್ನಂಪೇಟೆಯವರು ಶಸ್ತ್ರಚಿಕಿತ್ಸೆಗೆ ಮೊದಲು ಒಂದು ತಿಂಗಳು ಅದನ್ನು ಪ್ರಯತ್ನಿಸಬಾರದೇಕೆ? ತಮ್ಮನಿಗೆ ಮೂತ್ರ ಮಬ್ಬಾದಾಗಲೆಲ್ಲ ಅಂಗಡಿಯಿಂದ ಐದು ದಿನದ ಆ್ಯಂಟಿಬಯೋಟಿಕ್ ತಂದು ಕೊಡುತ್ತೇವೆ, ವರ್ಷಕ್ಕೆ ಏಳೆಂಟು ಸಲ ಆಗುತ್ತದೆ. ಇದು ಸರಿಯೇ?

ನಿವೃತ್ತ ಶುಶ್ರೂಷಕಿ, ಮಡಿಕೇರಿ

ಮೇಷ್ಟ್ರೇ, ಬಾಳೆದಿಂಡಿನ ಪಲ್ಯ ನಾನೂ ತಿನ್ನುತ್ತೇನೆ. ಆದರೆ ಇವರ ಕಲ್ಲು ಬೇರೆ ಬಗೆಯದು. ಪ್ರೋಟಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರವಾಗುತ್ತದೆ, ಆಗ ಕಲ್ಲು ಬೇಗ ಬೇಗ ಬೆಳೆದು ಕಿಡ್ನಿಯ ಆಕಾರವನ್ನೇ ತಳೆಯುತ್ತದೆ. ಕಲ್ಲಿನ ಒಳಗೇ ಬ್ಯಾಕ್ಟೀರಿಯಾ ಕುಳಿತಿರುತ್ತದೆ. ರಸದಿಂದ ಅದು ಕರಗುವುದಿಲ್ಲ, ಚೂರೂ ಉಳಿಯದಂತೆ ತೆಗೆಯಬೇಕು. ಇನ್ನೊಂದು ಅಪಾಯವಿದೆ. ಬಾಳೆದಿಂಡು, ಎಳನೀರು ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ವೈದ್ಯರನ್ನು ಕೇಳದೆ ಬೇಡ.

ಆ್ಯಂಟಿಬಯೋಟಿಕ್ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೈಪ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಮಬ್ಬು, ವಾಸನೆ ಇಷ್ಟಕ್ಕೇ ಮಾತ್ರೆ ಕೊಡಬೇಡಿ, ಮೊದಲು ನೀರು ಹೆಚ್ಚು ಕುಡಿಸಿ. ಜ್ವರ, ಚಳಿ, ಹಠಾತ್ತಾಗಿ ಹೆಚ್ಚಿದ ಸೆಟೆತ, ಹೊಸದಾಗಿ ಸೋರುವುದು, ಮೇಲೆ ಅಕ್ಕ ಬರೆದಂಥ ಬೆವರು ಮತ್ತು ತಲೆನೋವು, ಇವುಗಳಲ್ಲಿ ಯಾವುದಾದರೂ ಇದ್ದರೆ ಆಸ್ಪತ್ರೆಗೆ ಹೋಗಿ. ಹೊಸ ಪೈಪ್ ಹಾಕಿ ಅದರಿಂದ ತೆಗೆದ ಮೂತ್ರವನ್ನು, ಬ್ಯಾಕ್ಟೀರಿಯಾ ಯಾವುದು ಎಂದು ತಿಳಿಸುವ ಕಲ್ಚರ್‌ಗೆ ಕೊಟ್ಟು ಆಮೇಲೆ ಔಷಧಿ. ವರ್ಷಕ್ಕೆ ಎಂಟು ಸಲ ಅಂಗಡಿ ಮಾತ್ರೆ ನುಂಗಿದ ತಮ್ಮನಿಗೆ, ನಿಜವಾದ ಸೋಂಕು ರಕ್ತಕ್ಕೆ ಏರಿದ ದಿನ ಯಾವ ಔಷಧಿಯೂ ಕೆಲಸ ಮಾಡದೆ ಹೋಗಬಹುದು. ನಾನು ಅಂಥ ಸಾವುಗಳನ್ನು ವಾರ್ಡಿನಲ್ಲಿ ನೋಡಿದ್ದೇನೆ.

ಹಾಗೆಯೇ ಭುಜದ ನೋವಿಗೆಂದು ಡೈಕ್ಲೊಫೆನಾಕ್ ನುಂಗುವವರು ಇಲ್ಲಿ ಎಷ್ಟು ಜನ ಇದ್ದೀರಿ? ಗಾಲಿ ತಳ್ಳಿ ತಳ್ಳಿ ಭುಜ ನೋಯುವುದು ನಿಜ. ಆ ಬಗೆಯ ನೋವಿನ ಮಾತ್ರೆಗಳನ್ನು ಬಹುಕಾಲ ನುಂಗಿದರೆ ಕಿಡ್ನಿಗೆ ಹಾನಿ.

ಗೋಣಿಕೊಪ್ಪಲಿನವಳು

ಗಂಡಸರೇ ಹೆಚ್ಚು ಬರೆಯುತ್ತಿದ್ದೀರಿ, ನಮ್ಮ ಪಾಡನ್ನೂ ಹೇಳುತ್ತೇನೆ. ನಮಗೆ ಕಾಂಡಮ್ ಪೈಪ್ ಎಂಬ ಅನುಕೂಲವಿಲ್ಲ. ಸೋರಿದರೆ ಬಟ್ಟೆ, ಬಟ್ಟೆ ಒದ್ದೆಯಾದರೆ ಹುಣ್ಣು. ಆದ್ದರಿಂದ ನಾವು ಮಾಡುವ ಮೊದಲ ಕೆಲಸ ನೀರು ಬಿಡುವುದು. ಮದುವೆಗೆ ಹೋಗಬೇಕಾದರೆ ನಾನು ಹಿಂದಿನ ರಾತ್ರಿಯಿಂದಲೇ ಒಂದು ಹನಿ ಕುಡಿಯುತ್ತಿರಲಿಲ್ಲ. ಮಂಟಪಗಳಲ್ಲಿ ಗಾಲಿಕುರ್ಚಿ ಒಳಗೆ ಹೋಗುವ ಶೌಚಾಲಯ ಎಲ್ಲಿದೆ ಹೇಳಿ. ಒಂಬತ್ತು ವರ್ಷ ಹೀಗೆ ಮಾಡಿ ಎರಡು ಸಲ ಕಿಡ್ನಿಗೆ ಸೋಂಕೇರಿ ಮಲಗಿದೆ.

ಪೈಪ್ ಹಾಕಿಕೊಳ್ಳುವುದನ್ನು ಮೊದಲು ಕನ್ನಡಿ ಇಟ್ಟು ಕಲಿತೆ, ಈಗ ಬೆರಳಿನ ಅಂದಾಜಿನಲ್ಲೇ ಆಗುತ್ತದೆ. ಕುರ್ಚಿಯಿಂದ ಇಳಿಯಲಾಗದ ಹೆಂಗಸರಿಗೆ ಇನ್ನೊಂದು ದಾರಿ ಇದೆ. ಅಪೆಂಡಿಕ್ಸನ್ನು ಬಳಸಿ ಹೊಕ್ಕುಳಿನ ಬಳಿ ಮೂತ್ರಕೋಶಕ್ಕೆ ಸಣ್ಣ ಹಾದಿ ಮಾಡುತ್ತಾರೆ, ಸೀರೆ ಸಡಿಲಿಸದೆ ಅಲ್ಲಿಂದಲೇ ಪೈಪ್ ಹಾಕಿಕೊಳ್ಳಬಹುದು. ದೊಡ್ಡ ಶಸ್ತ್ರಚಿಕಿತ್ಸೆ, ಎಲ್ಲರಿಗೂ ಬೇಕಾಗುವುದಿಲ್ಲ. ನನಗೆ ಮೂತ್ರಕೋಶದ ಗೋಡೆಗೆ, ಅದರ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಟ್ಟಿದ್ದಾರೆ. ಎಂಟು ತಿಂಗಳು ಸೋರಿಕೆ ನಿಂತಿತ್ತು, ಈಗ ಮತ್ತೆ ತೆಗೆದುಕೊಳ್ಳಬೇಕು. ಅದಕ್ಕೆ ಮೊದಲು ಇದೇ ಕೆಲಸಕ್ಕೆ ಸಾಲಿಫೆನಾಸಿನ್ ಮಾತ್ರೆ ಕೊಟ್ಟಿದ್ದರು, ಬಾಯಿ ಒಣಗಿ ಮಲಬದ್ಧತೆ ಹೆಚ್ಚಾಯಿತು. ಕೆಲವರಿಗೆ ಅದೇ ಸಾಕಾಗುತ್ತದೆ.

ನನ್ನ ಪ್ರಶ್ನೆ ಬೇರೆ. ಆಷಾಢದಲ್ಲಿ ಇಲ್ಲಿ ಕರವಸ್ತ್ರವೂ ಒಣಗುವುದಿಲ್ಲ. ತೊಳೆದ ಪೈಪ್ ಡಬ್ಬಿಯೊಳಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?

ನಿವೃತ್ತ ಶುಶ್ರೂಷಕಿ, ಮಡಿಕೇರಿ

ಬೂಷ್ಟು ಕಂಡದ್ದನ್ನು ಎಸೆದುಬಿಡಮ್ಮ. ಸಲಕ್ಕೊಂದು ಹೊಸ ಪೈಪ್ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು. ಅಷ್ಟು ಕೊಳ್ಳುವುದು ಕಷ್ಟವಾದರೆ ಮಳೆಯ ತಿಂಗಳುಗಳಲ್ಲಾದರೂ ದಿನಕ್ಕೆ ಹೊಸದೊಂದನ್ನು ತೆಗೆದುಕೊ. ತೊಳೆಯುವುದಕ್ಕೆ ಒರತೆಯ ನೀರನ್ನು ನೇರವಾಗಿ ಬಳಸಬೇಡ, ಕುದಿಸಿ ಆರಿಸಿದ ನೀರಿರಲಿ. ಒಳಗೂ ನೀರು ಹರಿಸಿ, ಕೊಡವಿ, ಒಗೆದ ಹತ್ತಿ ಬಟ್ಟೆಯಲ್ಲಿ ಒರೆಸಿ ಗಾಳಿಗೆ ತೂಗುಹಾಕು. ಒದ್ದೆಯಿರುವಾಗ ಮುಚ್ಚಳ ಹಾಕಬೇಡ. ಡೆಟಾಲ್ ಮುಟ್ಟಿಸಲೇಬೇಡ, ಮೂತ್ರನಾಳ ಸುಡುತ್ತದೆ.

ಮೆಣಸಿನಬಳ್ಳಿ, ಪೊನ್ನಂಪೇಟೆ ಕಡೆ

ಎರಡು ವಾರ ಆಸ್ಪತ್ರೆಯಲ್ಲಿದ್ದೆ, ಈಗ ಓದುತ್ತಿದ್ದೇನೆ. ಬೆನ್ನಿನ ಕಡೆಯಿಂದ ರಂಧ್ರ ಮಾಡಿ ಕಲ್ಲನ್ನು ಪುಡಿಮಾಡಿ ತೆಗೆದರು, ಎರಡು ಕಂತಿನಲ್ಲಿ. ಯೂರೋಡೈನಾಮಿಕ್ಸ್‌ನಲ್ಲಿ ಒತ್ತಡ 70 ದಾಟಿತ್ತು. ಒತ್ತಿದ ನಂತರವೂ ಒಳಗೆ ಉಳಿಯುತ್ತಿದ್ದದ್ದು 350 ಮಿಲಿಲೀಟರ್. ಈಗ ದಿನಕ್ಕೆ ಐದು ಸಲ ಪೈಪ್ ಹಾಕಿಕೊಳ್ಳುತ್ತೇನೆ, ಕೈ ಪಳಗಿದೆ, ಐದು ನಿಮಿಷ ಸಾಕು. ಹೋದ ಭಾಗ ಮರಳಿ ಬರುವುದಿಲ್ಲ ಎಂದಿದ್ದಾರೆ. ಉಳಿದದ್ದನ್ನು ಕಾಯುವುದಕ್ಕೆ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್, ಸಿಸ್ಟಾಟಿನ್ ಸಿ, ಬಿಪಿ. ಥೈರಾಯ್ಡ್ ತೊಂದರೆ ಇರುವವರಲ್ಲಿ, ಸ್ಟಿರಾಯ್ಡ್ ನುಂಗುವವರಲ್ಲಿ ಸಿಸ್ಟಾಟಿನ್ ಕೂಡ ಏರುಪೇರಾಗಬಹುದಂತೆ, ಅದನ್ನು ಮೊದಲೇ ಹೇಳಬೇಕು.

ಜಿಲ್ಲೆಯಲ್ಲಿ ಪ್ರತಿ ಕೊಯ್ಲಿನಲ್ಲೂ, ನೆರಳು ಮರದ ಕೊಂಬೆ ಕಡಿಯುವ ಮರಗಸಿಯಲ್ಲೂ ಯಾರಾದರೊಬ್ಬರು ಬೀಳುತ್ತಾರೆ. ಮೊದಲ ಆರು ತಿಂಗಳು ಊರೆಲ್ಲ ನೋಡಲು ಬರುತ್ತದೆ. ಹತ್ತನೆಯ ವರ್ಷದಲ್ಲಿ ಅವನ ಕಿಡ್ನಿ ಹೇಗಿದೆ ಎಂದು ಕೇಳುವವರು ಯಾರೂ ಇರುವುದಿಲ್ಲ. ನನಗೆ ಕೋಪ ಬರುವುದು ಅಲ್ಲಿ.

ಹಾರಂಗಿ ತಮ್ಮಾ, ನಿನ್ನ ಸುದ್ದಿ ಏನು?

ಹಾರಂಗಿ ತೀರ

ಅಣ್ಣಾ, ಕಳೆದ ಶುಕ್ರವಾರ ಅಮ್ಮನೊಂದಿಗೆ ಮೈಸೂರಿಗೆ ಹೋಗಿದ್ದೆ. ಎಡ ಕಿಡ್ನಿ ಸ್ವಲ್ಪ ಊದಿದೆ, ಕಲ್ಲಿಲ್ಲ. ಈಗಲೇ ಬಂದದ್ದು ಒಳ್ಳೆಯದಾಯಿತು, ಊತ ಇಳಿಯುವ ಸಾಧ್ಯತೆ ಇದೆ ಎಂದರು. ಅಲ್ಲಿಯೇ ಪೈಪ್ ಹಾಕಿಕೊಳ್ಳುವುದನ್ನು ಕಲಿಸಿದರು. ಮೊದಲ ಸಲ ಅತ್ತುಬಿಟ್ಟೆ, ಆದರೆ ನೋವಿನಿಂದಲ್ಲ. ಮುಂದಿನ ತಿಂಗಳು ಯೂರೋಡೈನಾಮಿಕ್ಸ್. ಅದಕ್ಕೆ ಮೊದಲು ಮೂರು ದಿನದ ಲೆಕ್ಕ ಬರೆದು ತರಲು ಹೇಳಿದ್ದಾರೆ. ಇವತ್ತು ಮೊದಲ ದಿನ. ಪೈಪಿನಲ್ಲಿ ಬಂದ ಮೂತ್ರ ಬೆಳಿಗ್ಗೆ 6ಕ್ಕೆ 620 ಮಿಲಿಲೀಟರ್, 10ಕ್ಕೆ 340, 2ಕ್ಕೆ 380, 6ಕ್ಕೆ 300, ರಾತ್ರಿ 9ಕ್ಕೆ 250. ಕುಡಿದ ನೀರು, ಕಾಫಿ, ಸಾರು ಎಲ್ಲ ಸೇರಿ 1900. ಸರಿಯಾಗಿದೆಯೇ?

ಮೆಣಸಿನಬಳ್ಳಿ, ಪೊನ್ನಂಪೇಟೆ ಕಡೆ

ಹಗಲಿನದು ಸರಿಯಾಗಿದೆ. ಬೆಳಗಿನ 620 ಹೆಚ್ಚು, ರಾತ್ರಿ ಚೀಲ ತುಂಬಿ ಹಿಗ್ಗುತ್ತಿದೆ. ಒಂಬತ್ತರದನ್ನು ಹನ್ನೊಂದಕ್ಕೆ ತಳ್ಳು, ಊಟದ ನಂತರದ ಕಾಫಿ ಬಿಡು. ಹಾಗೆಯೂ ಇಳಿಯದಿದ್ದರೆ ನಡುರಾತ್ರಿ ಒಮ್ಮೆ ಏಳಬೇಕಾಗಬಹುದು, ವೈದ್ಯರನ್ನು ಕೇಳು. ಸಂಜೆ ನಾಲ್ಕರ ನಂತರವೂ ಕುಡಿದಿದ್ದೀಯ ಎಂಬುದು ಒಂಬತ್ತು ಗಂಟೆಯ 250ರಲ್ಲೇ ಗೊತ್ತಾಗುತ್ತದೆ. ನಾಳೆಯ ಲೆಕ್ಕವನ್ನೂ ಇಲ್ಲಿಯೇ ಹಾಕು, ನಾನು ನೋಡುತ್ತೇನೆ.